ಪೆನ್‌ಡ್ರೈವ್ ಕಾಣಿಸದಿದ್ದರೆ ಮೊದಲು ಫಾರ್ಮ್ಯಾಟ್ ಒತ್ತಬೇಡಿ

ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟು, ಪರದೆಯ ಮೇಲೆ ಏನೂ ಮೂಡದಿದ್ದರೆ ಕೇಳಿಬರುವ ಮೊದಲ ಮಾತು, ‘ಇದು ಹೋಗಿದೆ ಸಾರ್’. ಎರಡನೆಯದು, ‘ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡಿಬಿಡ್ಲಾ?’ ಮೊದಲ ಮಾತು ಎಷ್ಟೋ ಸಲ ಸುಳ್ಳಾಗುತ್ತದೆ. ಎರಡನೆಯದಕ್ಕೆ ಹೂಂ ಅಂದರೆ ಬದುಕಿರುವ ಫೈಲುಗಳನ್ನು ಕೈಯಾರೆ ಕಳೆದುಕೊಳ್ಳುವ ದಾರಿ ಹಿಡಿದ ಹಾಗೆ.

ಡ್ರೈವ್ ಸಿಕ್ಕಿಸಿದ ಒಂದೆರಡು ಸೆಕೆಂಡುಗಳಲ್ಲಿ ಸಾಕಷ್ಟು ಕೆಲಸ ನಡೆಯುತ್ತದೆ. ಯುಎಸ್‌ಬಿ 2.0 ಜೋಡಣೆಯಲ್ಲಿ ನಾಲ್ಕು ತಂತಿ: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. 5 ವೋಲ್ಟ್ ಸಿಕ್ಕ ಕೂಡಲೇ ಡ್ರೈವ್ ಮಾಹಿತಿಯ ಒಂದು ತಂತಿಯಲ್ಲಿ ವೋಲ್ಟೇಜ್ ಏರಿಸುತ್ತದೆ. ಏನೋ ಬಂದು ಕೂತಿದೆ ಎಂದು ಕಂಪ್ಯೂಟರಿಗೆ ತಿಳಿಯುವುದು ಅಷ್ಟರಿಂದ. ನೀನು ಯಾವ ಕಂಪನಿಯದು, ಯಾವ ಬಗೆಯದು ಎಂದು ಅದು ವಿಚಾರಿಸುತ್ತದೆ, ಡ್ರೈವಿನ ಕಂಟ್ರೋಲರ್ ಚಿಪ್ ಉತ್ತರ ಹೇಳುತ್ತದೆ. ಆಮೇಲೆ ಡ್ರೈವರ್ ಸೇರಿಕೊಳ್ಳಬೇಕು, ಪಾರ್ಟಿಶನ್ ಪಟ್ಟಿ ಸಿಗಬೇಕು, ಫೈಲ್ ಸಿಸ್ಟಮ್ ಅರ್ಥವಾಗಬೇಕು, ಕೊನೆಗೆ ಇ ಅಥವಾ ಎಫ್ ಎಂಬ ಅಕ್ಷರ ಅಂಟಬೇಕು. ನಮ್ಮ ಕಣ್ಣಿಗೆ ಬೀಳುವುದು ಆ ಅಕ್ಷರ ಮಾತ್ರ. ನಡುವೆ ಯಾವ ಹಂತದಲ್ಲಿ ಎಡವಿದರೂ ಡ್ರೈವ್ ‘ಕಾಣಿಸ್ತಿಲ್ಲ’.

ಹಾಗಾಗಿ ಸತ್ತಿದೆ ಎನ್ನುವ ಮೊದಲು ಎಲ್ಲಿ ಎಡವಿದೆ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡ್ರೈವಿನ ಗಾತ್ರ ಸರಿಯಾಗಿ ಕಾಣುತ್ತಿದ್ದು ಅಕ್ಷರವೊಂದೇ ಇಲ್ಲದಿದ್ದರೆ ಅಲ್ಲಿಯೇ ಅಕ್ಷರ ಕೊಟ್ಟರೆ ಮುಗಿಯಿತು. ಕಚೇರಿಯ ನೆಟ್‌ವರ್ಕ್ ಡ್ರೈವುಗಳು ಅಕ್ಷರ ಹಿಡಿದು ಕೂತಿರುವ ಕಡೆ ಇದು ಆಗಾಗ ಆಗುತ್ತದೆ. ‘ರಾ’ ಎಂದು ಬರೆದಿದ್ದರೆ ಫೈಲ್ ಸಿಸ್ಟಮ್ ಕೆಟ್ಟಿದೆ, ಅಥವಾ ವಿಂಡೋಸ್‌ಗೆ ಅದು ಗೊತ್ತಿಲ್ಲ. ‘ನೋ ಮೀಡಿಯಾ’ ಎಂದಿದ್ದರೆ ಸುದ್ದಿ ಒಳ್ಳೆಯದಲ್ಲ: ಕಂಟ್ರೋಲರ್ ಜೀವಂತವಿದ್ದರೂ ಅದಕ್ಕೆ ಮೆಮರಿ ಚಿಪ್ ಸಿಗುತ್ತಿಲ್ಲ. ಡಿಸ್ಕನ್ನು ‘ಇನಿಶಿಯಲೈಸ್’ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ಇಲ್ಲಿಯೂ ಏನೂ ಇಲ್ಲ, ಟಣ್ ಎಂಬ ಸದ್ದೂ ಇಲ್ಲವೆಂದರೆ ಸಂದೇಹ ಕೇಬಲ್, ಪೋರ್ಟ್, ವಿದ್ಯುತ್ತಿನ ಕಡೆಗೆ ತಿರುಗಬೇಕು. ‘ಲೈಟ್ ಉರೀತಿದೆಯಲ್ಲ, ಕೇಬಲ್ ಸರಿಯಾಗಿಯೇ ಇದೆ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ದೀಪಕ್ಕೆ ವಿದ್ಯುತ್ತಿನ ಎರಡು ತಂತಿ ಸಾಕು. ಅಗ್ಗದ ಕೆಲವು ಚಾರ್ಜಿಂಗ್ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿ ಹೇಳಲೂ ಬರುವುದಿಲ್ಲ.

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನ ವಿಷಯದಲ್ಲಿ ವಿದ್ಯುತ್ತಿನ ಸಮಸ್ಯೆ ಇನ್ನೂ ಹೆಚ್ಚು. ಯುಎಸ್‌ಬಿ 2.0 ಪೋರ್ಟಿನಿಂದ ಸಾಧನವೊಂದು ಪಡೆಯಬಹುದಾದ ಕರೆಂಟ್ 500 ಮಿಲಿಆಂಪ್. 2008ರಲ್ಲಿ ಬಂದ 3.0 ಅದನ್ನು 900ಕ್ಕೆ ಏರಿಸಿತು. ಒಳಗಿನ ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲಿ ಡಿಸ್ಕ್ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ. ಹಬ್ಬಿಗೆ ಸಿಕ್ಕಿಸಿದ್ದರೆ, ಕೇಬಲ್ ತೆಳುವಾಗಿ ಉದ್ದವಾಗಿದ್ದರೆ ಅಷ್ಟು ಸಿಗದೆ ತಿರುಗಲು ಹವಣಿಸಿ ನಿಲ್ಲುತ್ತದೆ, ಮತ್ತೆ ಹವಣಿಸುತ್ತದೆ. ಆ ಟಿಕ್ ಟಿಕ್ ಕೇಳಿ ಡಿಸ್ಕ್ ಮುಗಿಯಿತು ಎಂದು ಕೈಬಿಡುವ ಮುನ್ನ ಗಿಡ್ಡ ಕೇಬಲ್ ಹಾಕಿ, ಡೆಸ್ಕ್‌ಟಾಪ್ ಆದರೆ ಹಿಂಭಾಗದ ಪೋರ್ಟಿಗೆ ಸಿಕ್ಕಿಸಿ. ಮುಂದಿನ ಪೋರ್ಟುಗಳು ಮದರ್‌ಬೋರ್ಡಿಗೆ ಇನ್ನೊಂದು ಕೇಬಲ್ ಮೂಲಕ ಸೇರಿರುತ್ತವೆ, ಹಿಂದಿನವು ನೇರವಾಗಿ. ಆಗಲೂ ಸದ್ದು ನಿಲ್ಲದಿದ್ದರೆ ತೊಂದರೆ ಡಿಸ್ಕಿನ ಒಳಗೇ ಇರುವ ಸಂಭವ ಹೆಚ್ಚು. ಮತ್ತೆ ಮತ್ತೆ ಸಿಕ್ಕಿಸಿ ನೋಡುವುದನ್ನು ಬಿಡಬೇಕು.

ಪೆನ್‌ಡ್ರೈವ್ ನೀಲಿ ಪೋರ್ಟಿನಲ್ಲಿ ಏಳದಿದ್ದರೆ ಕಪ್ಪು ಪೋರ್ಟಿನಲ್ಲೂ ಒಮ್ಮೆ ನೋಡಿ. 3.0 ವೇಗಕ್ಕೆಂದೇ ಬೇರೆ ಐದು ಸಂಪರ್ಕಗಳಿವೆ. ಅವು ಕೆಟ್ಟಿದ್ದರೂ ಹಳೆಯ ನಾಲ್ಕರಲ್ಲಿ ಡ್ರೈವ್ ನಿಧಾನವಾಗಿ ಓದಿಸಿಕೊಳ್ಳಬಹುದು. ಬಾಯಿಂದ ಉಫ್ ಎಂದು ಊದುವುದರಿಂದ ಧೂಳಿನ ಜೊತೆಗೆ ಉಗುಳಿನ ತೇವವೂ ಸೇರುತ್ತದೆ, ಅಷ್ಟೇ.

‘ಡ್ರೈವರ್ ಡೌನ್‌ಲೋಡ್ ಮಾಡ್ಬೇಕು’ ಎಂಬುದು ವಿಂಡೋಸ್ 98 ಕಾಲದ ಉಳಿಕೆ. ಆಗ ಪೆನ್‌ಡ್ರೈವ್ ಬಳಸಲು ಬೇರೆ ಡ್ರೈವರ್ ಹಾಕಿಕೊಳ್ಳಬೇಕಿತ್ತು, ನಿಜ. ವಿಂಡೋಸ್ 2000ದಿಂದ ಈಚೆಗೆ ಅದು ವಿಂಡೋಸ್‌ನಲ್ಲೇ ಇದೆ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರುಗಳಿಗೆ ಹಣ ಕೊಡುವ ಅಗತ್ಯವೇ ಇಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ರೀಸ್ಟಾರ್ಟ್ ಎಂದೇ ಹೇಳಿದ್ದೇನೆ, ಗಮನಿಸಿ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟ್‌ಅಪ್ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗದ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಏಳುತ್ತದೆ, ತೊಡಕೂ ಅದರ ಜೊತೆಗೆ. ರೀಸ್ಟಾರ್ಟ್ ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತದೆ.

ಮನೆಯಲ್ಲಿ ಓಡುವ ಪೆನ್‌ಡ್ರೈವ್ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಓಡದಿದ್ದರೆ ಅದನ್ನು ಕೆಟ್ಟದ್ದೆಂದು ಬೈಯಬೇಡಿ. ಹಲವು ಕಡೆ ಭದ್ರತೆಗಾಗಿ ಯುಎಸ್‌ಬಿ ಸಂಗ್ರಹ ಸಾಧನಗಳನ್ನು ಬೇಕೆಂದೇ ತಡೆದಿರುತ್ತಾರೆ.

‘ಡ್ರೈವ್ ತೆರೆಯಿತು, ಆದರೆ ಒಳಗೆ ಬರೀ ಶಾರ್ಟ್‌ಕಟ್, ಫೈಲೆಲ್ಲ ಹೋಯ್ತು’ ಎಂಬುದು ಇನ್ನೊಂದು ಗೋಳು. ಹತ್ತಾರು ಜನರ ಡ್ರೈವು ಹೊಕ್ಕು ಹೊರಡುವ ಕಂಪ್ಯೂಟರುಗಳಲ್ಲಿ ಹರಡುವ ಈ ವೈರಸ್ ಸಾಮಾನ್ಯವಾಗಿ ಫೈಲುಗಳನ್ನು ಅಳಿಸುವುದಿಲ್ಲ, ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಶಾರ್ಟ್‌ಕಟ್ ಒತ್ತದೆ ಮೊದಲು ಆಂಟಿವೈರಸ್ ಓಡಿಸಿ. ‘ಹಿಡನ್ ಐಟಮ್ಸ್’ ಗುರುತು ಹಾಕಿದರೂ ಫೈಲು ಕಾಣದಿದ್ದರೆ, ಫೋಲ್ಡರ್ ಆಯ್ಕೆಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಫೈಲುಗಳನ್ನು ಮುಚ್ಚಿಡುವ ಗುರುತನ್ನೂ ತೆಗೆಯಬೇಕು. ವೈರಸ್ ನಿಮ್ಮ ಫೋಟೊಗಳಿಗೆ ಆ ವೇಷವನ್ನೂ ತೊಡಿಸಿರುತ್ತದೆ.

ಈಗ ಫಾರ್ಮ್ಯಾಟ್ ವಿಚಾರ. ಡ್ರೈವ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಲೇಬೇಕು ಎಂದು ವಿಂಡೋಸ್ ಅಧಿಕಾರವಾಣಿಯಲ್ಲಿ ಹೇಳುವುದರಿಂದ ಜನ ಅದನ್ನು ಚಿಕಿತ್ಸೆ ಎಂದೇ ನಂಬುತ್ತಾರೆ. ಅದರ ನಿಜವಾದ ಅರ್ಥ, ಇದರೊಳಗಿನದು ನನಗೆ ಓದಲು ಬರುತ್ತಿಲ್ಲ ಎಂದಷ್ಟೇ. ರಜೆಗೆ ಬಂದ ಮಗಳು ತನ್ನ ಮ್ಯಾಕ್‌ಬುಕ್ಕಿನಲ್ಲಿ ಎಪಿಎಫ್ಎಸ್ ಕ್ರಮದಲ್ಲಿ ತಯಾರಿಸಿದ ಡಿಸ್ಕು ಎಷ್ಟೇ ಆರೋಗ್ಯವಾಗಿದ್ದರೂ ಅಪ್ಪನ ವಿಂಡೋಸ್ ಲ್ಯಾಪ್‌ಟಾಪ್ ಅದನ್ನು ಓದಲಾರದು. ಕಾರಿನ ಸ್ಟೀರಿಯೊ, ಹಳೆಯ ಟಿವಿಗಳ ಕಥೆಯೂ ಇದೇ: ಅವುಗಳಲ್ಲಿ ಅನೇಕಕ್ಕೆ ಗೊತ್ತಿರುವುದು ಫ್ಯಾಟ್32 ಮಾತ್ರ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ.

ಫೈಲ್ ಸಿಸ್ಟಮ್ ನಿಜವಾಗಿಯೂ ಕೆಟ್ಟಿದ್ದಾಗಲೂ ಫೈಲುಗಳು ಸ್ವಸ್ಥಾನದಲ್ಲೇ ಇರಬಹುದು. ಕ್ವಿಕ್ ಫಾರ್ಮ್ಯಾಟ್ ಮಾಡುವುದು ಪಹಣಿಯಿಂದ ಹೆಸರು ತೆಗೆದ ಹಾಗೆ. ಹೊಲ ಅಲ್ಲೇ ಇರುತ್ತದೆ, ಇನ್ನೊಬ್ಬರು ಬಂದು ಉಳುವ ತನಕ. ಪೂರ್ತಿ ಫಾರ್ಮ್ಯಾಟ್ ಹಾಗಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ, ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಕ್ಯಾನ್ಸಲ್ ಒತ್ತಿ, ಟೆಸ್ಟ್‌ಡಿಸ್ಕ್ ಅಥವಾ ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಹುಡುಕಿ. ಸಿಕ್ಕ ಫೈಲುಗಳನ್ನು ಬೇರೆ ಡಿಸ್ಕಿಗೇ ಇಳಿಸಬೇಕು. ಅದೇ ಡ್ರೈವಿಗೆ ಬರೆದರೆ ಇನ್ನೂ ಸಿಗದ ಫೈಲುಗಳ ಮೇಲೆ ಬರೆದಂತಾಗುತ್ತದೆ. ‘ಸ್ಕ್ಯಾನ್ ಆ್ಯಂಡ್ ಫಿಕ್ಸ್’ ಕೂಡ ಅದಾದ ಮೇಲೆಯೇ. ಅದರ ಗುರಿ ಫೈಲ್ ಸಿಸ್ಟಮ್ಮಿನ ಲೆಕ್ಕ ಸರಿಪಡಿಸುವುದು. ನಿಮ್ಮ ಮದುವೆ ಫೋಟೊ ಉಳಿಸುವ ಹೊಣೆ ಅದು ಹೊತ್ತಿಲ್ಲ.

ಹಾರ್ಡ್‌ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಹೊರತೆಗೆದಾಗ ಒಳಗೆ ತೇವ ಕಟ್ಟುತ್ತದೆ. ಓದುವ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹಾರುವ ಯಂತ್ರಕ್ಕೆ ಅದು ಸಾಕು. ಮನೆಯಲ್ಲಿ ಸ್ಕ್ರೂ ಬಿಚ್ಚಿ ನೋಡುವುದೂ ಅಷ್ಟೇ ಅಪಾಯ, ಅಲ್ಲಿ ಕೆಲಸ ಕೆಡಿಸುವುದು ಧೂಳು.

ಕೊನೆಗೊಂದು ತದ್ವಿರುದ್ಧ ಪ್ರಕರಣ: ಕಂಪ್ಯೂಟರ್ ಸಲೀಸಾಗಿ ಗುರುತಿಸುವ, ಆದರೂ ನಂಬಬಾರದ ಡ್ರೈವ್. ಕೆಲವೇ ನೂರು ರೂಪಾಯಿಗೆ 2 ಟಿಬಿ ಎಂದು ಮಾರುವ ಪೆನ್‌ಡ್ರೈವುಗಳಲ್ಲಿ ಕಂಟ್ರೋಲರಿಗೆ ಸುಳ್ಳು ಗಾತ್ರ ಹೇಳಲು ಕಲಿಸಿರುತ್ತಾರೆ. ಒಳಗೆ 32 ಜಿಬಿಯಷ್ಟೇ ಇದ್ದರೂ ವಿಂಡೋಸ್ ಅದರ ಮಾತನ್ನು ನಂಬುತ್ತದೆ. ನಿಜವಾದ ಜಾಗ ತುಂಬಿದ ಮೇಲೂ ಕಾಪಿ ಆಗುತ್ತಿರುವಂತೆ ಕಾಣುತ್ತದೆ, ಹೆಸರುಗಳೂ ಪಟ್ಟಿಯಲ್ಲಿ ಇರುತ್ತವೆ, ತೆರೆದರೆ ಒಳಗೆ ಏನೂ ಇರುವುದಿಲ್ಲ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ಗೆ ಎಫ್3 ಎಂಬ ಉಚಿತ ಸಾಧನಗಳಿವೆ. ಇಡೀ ಡ್ರೈವ್ ತುಂಬುವಷ್ಟು ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. ದೊಡ್ಡ ಡ್ರೈವಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಆದರೂ ಮೊದಲ ಫೋಟೊ ಹಾಕುವ ಮುನ್ನವೇ ಇದನ್ನು ಮಾಡಿದರೆ, ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಮೋಸ ಗೊತ್ತಾಗುತ್ತದೆ.