ನಾಲೆಯ ಏರಿಯ ಮೇಲೆ ದೂರದ ಸೈಕಲ್ ಯಾನ

ಆಲೂರು, ಸಕಲೇಶಪುರ ಸೀಮೆಯವರಾದ ನಾವು ಸೈಕಲ್ಲನ್ನು ಮರೆತುದಕ್ಕೆ ನಮ್ಮ ನೆಲವೂ ಒಂದು ಕಾರಣ. ಮಗ್ಗೆಯಿಂದ ಯಾವ ದಿಕ್ಕಿಗೆ ಹೊರಟರೂ ಒಂದು ಏರು, ಒಂದು ಇಳಿಜಾರು, ಮತ್ತೆ ಏರು. ಈಗ ತೋಟಕ್ಕೂ ಗದ್ದೆಗೂ ಬೈಕಿನಲ್ಲಿಯೇ ಹೋಗುವ ರೂಢಿ. ಸಕ್ಕರೆ ಕಾಯಿಲೆ ಬಂದವರಿಗೆ ವೈದ್ಯರು ನಡೆಯಲು ಹೇಳುತ್ತಾರೆ. ಮೊಣಕಾಲು ಸವೆದವರು ನಡೆಯುವುದೆಂತು? ಸೈಕಲ್ಲಿನಲ್ಲಿ ದೇಹದ ಭಾರದ ಬಹುಪಾಲನ್ನು ಸೀಟು ಹೊರುವುದರಿಂದ ಇಂಥವರಲ್ಲಿ ಅನೇಕರಿಗೆ ಅದು ಸಹ್ಯವಾಗುತ್ತದೆ. ಬೇಕಾದುದು ಸಮತಟ್ಟಾದ ದಾರಿ. ಅಂಥ ದಾರಿಯನ್ನು ನಮ್ಮ ಹಿಂದಿನವರು ನೀರಿಗಾಗಿ ಮಾಡಿಟ್ಟಿದ್ದಾರೆ.

ನೀರು ಏರನ್ನು ಹತ್ತಲಾರದು. ಆದುದರಿಂದ ನಾಲೆ ತೋಡುವವನು ಗುಡ್ಡದ ಮಗ್ಗುಲನ್ನು ಬಳಸಿಕೊಂಡು, ತೀರ ಅಲ್ಪವಾದ ಇಳಿತದಲ್ಲಿ ನೀರನ್ನು ಒಯ್ಯುತ್ತಾನೆ. ಪಕ್ಕದ ಏರಿಯೂ ಅದೇ ಮಟ್ಟದಲ್ಲಿ ಸಾಗುತ್ತದೆ. ನಮ್ಮ ಹೇಮಾವತಿಯು ಗೊರೂರಿನ ಜಲಾಶಯವನ್ನು ದಾಟಿ ಹೊಳೆನರಸೀಪುರದ ಕಡೆಗೆ ಹರಿದಾಗ ಶ್ರೀರಾಮದೇವರ ಅಣೆಕಟ್ಟೆ ಸಿಗುತ್ತದೆ. ಅದರ ನಾಲೆಗಳು ಗೊರೂರಿನ ಅಣೆಕಟ್ಟೆಗಿಂತ ಬಹಳ ಹಳೆಯವು. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆಯು ಕಂಠೀರವ ನರಸರಾಜ ಒಡೆಯರ ಕಾಲದ್ದು. ಕಾವೇರಿಯ ಕವಲೊಂದನ್ನು ಅದು ಮೇಲ್ಗಾಲುವೆಯ ಮೂಲಕ ದಾಟುವುದನ್ನು ಇಂದಿಗೂ ನೋಡಬಹುದು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ವಿರಿಜಾ ನಾಲೆ ಇವೂ ಅದೇ ಸೀಮೆಯವು. ಹಂಪಿಯ ತುರ್ತು ಕಾಲುವೆಯಂತೂ ವಿಜಯನಗರದ ಅರಸರ ಕಾಲದಿಂದ ಗದ್ದೆಗಳಿಗೆ ನೀರುಣಿಸುತ್ತಿದೆ.

ಹೊರನಾಡುಗಳಲ್ಲಿ ಇಂಥ ದಾರಿಗಳು ಸೈಕಲ್ ಯಾತ್ರೆಗೆ ಹೆಸರಾಗಿವೆ. ಫ್ರಾನ್ಸಿನಲ್ಲಿ 1681ರಲ್ಲಿ ಮುಗಿದ, ಸುಮಾರು 240 ಕಿಲೋಮೀಟರ್ ಉದ್ದದ ಕನಾಲ್ ದ್ಯು ಮಿದಿ, ಅಮೆರಿಕದಲ್ಲಿ 1825ರಲ್ಲಿ ತೆರೆದ ಈರಿ ಕಾಲುವೆ ಇವುಗಳ ದಡದಲ್ಲಿ ಜನರು ದಿನಗಟ್ಟಲೆ ಸಾಗುತ್ತಾರೆ. ಅಲ್ಲಿಯ ದಾರಿಗಳು ದೋಣಿಗಳನ್ನು ಎಳೆಯುವ ಕುದುರೆಗಳಿಗಾಗಿ ಆದವು. ನಮ್ಮವು ನೀರುಗಂಟಿಯ ದಾರಿಗಳು. ತೂಬು ತೆರೆಯಲು, ಬಿರುಕು ನೋಡಲು ಅವನು ನಡೆದ ದಾರಿಯಲ್ಲಿ ಎತ್ತಿನ ಗಾಡಿಗೂ ಈಗ ಟ್ರ್ಯಾಕ್ಟರಿಗೂ ಪಾಲುಂಟು. ಹೀಗಾಗಿ ಎಲ್ಲ ಕಡೆ ನುಣುಪಾದ ದಾರಿಯನ್ನು ನಿರೀಕ್ಷಿಸಬಾರದು. ಕೆಲವೆಡೆ ಮುಳ್ಳುಪೊದೆ, ಕೆಲವೆಡೆ ಏರಿಯೇ ಕಡಿದುಹೋಗಿರುತ್ತದೆ. ಹೇಮಾವತಿಯ ಎಡದಂಡೆ ನಾಲೆಯು ತುಮಕೂರಿನ ಕಡೆಗೆ ಹೋಗುವಾಗ ಬಾಗೂರು-ನವಿಲೆ ಸುರಂಗವನ್ನು ಹೊಕ್ಕುಬಿಡುತ್ತದೆ. ಅಲ್ಲಿ ಊರ ದಾರಿಯನ್ನೇ ಹಿಡಿಯಬೇಕು. ದೊಡ್ಡ ನಾಲೆಗಳ ಏರಿಯ ಮೇಲೆ ಹೋಗುವ ಮುನ್ನ ನೀರಾವರಿ ನಿಗಮದ ಸ್ಥಳೀಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಯುಕ್ತ.

ಈಗ ಆರೋಗ್ಯದ ಮಾತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತುಳಿಯುತ್ತಿರುವಾಗ ಜೊತೆಯವರೊಡನೆ ಮಾತನಾಡಲು ಆಗುತ್ತಿದ್ದು, ಹಾಡಲು ಆಗದಿದ್ದರೆ ಅದೇ ಮಧ್ಯಮ ಶ್ರಮ. ಮೊದಲ ವಾರವೇ ಐವತ್ತು ಕಿಲೋಮೀಟರಿನ ಸಾಹಸ ಬೇಡ. ಐದರಿಂದ ಆರಂಭಿಸಿ ಎರಡು ಮೂರು ತಿಂಗಳಲ್ಲಿ ಮೂವತ್ತಕ್ಕೆ ಮುಟ್ಟಿದರೆ ಸಾಕು. ಹೆಚ್ಚಿನವರು ಸೀಟನ್ನು ತೀರ ತಗ್ಗಿಸಿಕೊಂಡು ಮೊಣಕಾಲನ್ನು ತಾವೇ ನೋಯಿಸಿಕೊಳ್ಳುತ್ತಾರೆ. ಪೆಡಲು ಕೆಳಗಿದ್ದಾಗ ಕಾಲು ಬಹುತೇಕ ನೀಳವಾಗಿ, ಮಂಡಿ ಸ್ವಲ್ಪವೇ ಬಾಗಿರಬೇಕು. ಭಾರವಾದ ಗೇರಿನಲ್ಲಿ ಒತ್ತುವುದಕ್ಕಿಂತ ಹಗುರವಾಗಿ ಬೇಗಬೇಗ ತುಳಿಯುವುದು ಮೇಲು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಕಿಸೆಯಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಕೂಡಲೇ ಇಳಿದು ಅದನ್ನು ತಿನ್ನಬೇಕು. ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಸಂಕೋಚ ಸಲ್ಲದು.

ನಾಲೆಯ ನೀರು ಕುಡಿಯುವುದಕ್ಕಲ್ಲ. ಕಾಲಿನಲ್ಲಿ ಗಾಯವಿದ್ದವರು ಅದರಲ್ಲಿ ಇಳಿಯಲೂಬಾರದು, ಇಲಿಜ್ವರದ ಭಯವುಂಟು.

ಇದಕ್ಕಿಂತ ದೊಡ್ಡ ಭಯ ಮುಳುಗುವುದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ಅನೇಕ ನಾಲೆಗಳಿಗೆ ಇಂದಿಗೂ ತಡೆಗೋಡೆ ಇಲ್ಲ. ಕಾಂಕ್ರೀಟು ಹಾಸಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಬಿದ್ದವನು ಈಜು ಬಲ್ಲವನಾದರೂ ಹತ್ತಿ ಬರುವುದು ಕಷ್ಟ. ಆದುದರಿಂದ ನೀರಿನ ಅಂಚಿನಿಂದ ದೂರದಲ್ಲಿಯೇ ತುಳಿಯಬೇಕು. ಏರಿ ಕಿರಿದಾದಲ್ಲಿ ಇಳಿದು ತಳ್ಳಿಕೊಂಡು ನಡೆಯಬೇಕು. ಮುಸ್ಸಂಜೆಯ ಮೇಲೆ ಬೇಡ, ಮಳೆ ಬಿದ್ದ ದಿನ ಬೇಡ, ಒಬ್ಬರೇ ಬೇಡ. ಜೊತೆಯಲ್ಲಿ ಒಂದು ಉದ್ದನೆಯ ಹಗ್ಗವಿರಲಿ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬಾರದು. ಹಗ್ಗವನ್ನೋ ಪಂಚೆಯನ್ನೋ ಎಸೆಯಬೇಕು.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಏರಿಯ ಮಣ್ಣು ಗಟ್ಟಿಯಾಗಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಮಲೆನಾಡಿನ ಸದ್ಭಕ್ತರು ಸೈಕಲ್ಲನ್ನು ಗಾಡಿಯಲ್ಲಿ ಹೊಳೆನರಸೀಪುರದವರೆಗೆ ಒಯ್ದು ಅಲ್ಲಿಂದ ತುಳಿಯಬಹುದು. ಕಾಫಿ ಕೊಯ್ಲಿನ ದಿನಗಳೂ ಅವೇ ಆದುದರಿಂದ ಭಾನುವಾರದ ಒಂದು ಬೆಳಗನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.