ವಿದ್ಯುನ್ಮಂಡಲದ ಲೆಕ್ಕವೂ ಋಣಚಿಹ್ನೆಯೂ

ಕಳೆದ ವರುಷ ಮೇಲಿನ ತರಗತಿಯ ಹುಡುಗಿಯೊಬ್ಬಳು ವಿದ್ಯುನ್ಮಂಡಲದ ಲೆಕ್ಕವೊಂದನ್ನು ಪೂರ್ತಿ ಮಾಡಿ, ಉತ್ತರದಲ್ಲಿ ಋಣಚಿಹ್ನೆ ಬಂದುದನ್ನು ಕಂಡು, ಪುಟವನ್ನೇ ಹರಿದುಹಾಕಿದಳು. ಚೂರುಗಳನ್ನು ಕೂಡಿಸಿ ನೋಡಿದಾಗ ಲೆಕ್ಕವು ಸರಿಯಾಗಿಯೇ ಇದ್ದಿತು. ಇಂಥ ಲೆಕ್ಕವು ಹುಡುಗಿಯರ ತಲೆಗೆ ಹತ್ತುವುದಲ್ಲವೆಂದು ಅವಳು ಮನೆಯಲ್ಲಿ ಕೇಳಿದ್ದಳಂತೆ. ಆದುದರಿಂದ ಇದನ್ನು ಬಿಡಿಸುವ ಕ್ರಮವನ್ನು ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ವಿವರಿಸಬೇಕೆಂದು ಮನಸ್ಸಾಯಿತು.

ಒಂದೇ ಬ್ಯಾಟರಿ, ಒಂದೇ ದಾರಿ ಇದ್ದಲ್ಲಿ ಓಮನ ನಿಯಮವೇ ಸಾಕು: ವೋಲ್ಟುಗಳನ್ನು ಓಮುಗಳಿಂದ ಭಾಗಿಸಿದರೆ ಆಂಪಿಯರುಗಳು ದೊರೆಯುತ್ತವೆ. ಆದರೆ ತಂತಿಗಳು ಬಲೆಯಂತೆ ಹೆಣೆದುಕೊಂಡು, ಬ್ಯಾಟರಿಗಳೂ ಎರಡಾದರೆ, ಪ್ರವಾಹವು ಯಾವ ಕಡೆಗೆ ಹರಿಯುವುದೆಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಕೊನಿಗ್ಸ್‌ಬರ್ಗಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಗುಸ್ಟಾವ್ ಕಿರ್ಖಾಫನು ೧೮೪೫ರಲ್ಲಿ ಇದಕ್ಕೆ ಎರಡು ನಿಯಮಗಳನ್ನು ಕೊಟ್ಟನು. ತಂತಿಗಳು ಕೂಡುವೆಡೆಗೆ ಬಂದಷ್ಟೇ ಪ್ರವಾಹವು ಅಲ್ಲಿಂದ ಹೊರಡುವುದೆಂಬುದು ಒಂದು; ಯಾವ ಸುತ್ತನ್ನಾದರೂ ಪೂರ್ತಿ ಬಳಸಿ ಬಂದರೆ, ಬ್ಯಾಟರಿಗಳು ಏರಿಸಿದ ವೋಲ್ಟುಗಳೂ ರೋಧಗಳಲ್ಲಿ ಇಳಿದ ವೋಲ್ಟುಗಳೂ ಸಮವೆಂಬುದು ಇನ್ನೊಂದು. ಮುಂದೆ ಮ್ಯಾಕ್ಸ್‌ವೆಲ್ಲನು ಬಲೆಯ ಪ್ರತಿಯೊಂದು ಕಣ್ಣಿನಲ್ಲಿಯೂ ಒಂದೊಂದು ಪ್ರವಾಹವು ಸುತ್ತುತ್ತಿರುವುದೆಂದು ಭಾವಿಸುವ ಉಪಾಯವನ್ನು ತೋರಿಸಿದನು. ಈ ಕಣ್ಣನ್ನೇ ಇಂಗ್ಲಿಷಿನಲ್ಲಿ ಮೆಶ್ ಎನ್ನುತ್ತಾರೆ. ಹೀಗೆ ಭಾವಿಸಿದರೆ ಮೊದಲನೆಯ ನಿಯಮವು ತಾನಾಗಿಯೇ ನೆರವೇರುತ್ತದೆ. ಕಣ್ಣುಗಳೆಷ್ಟೋ ಅಷ್ಟೇ ಸಮೀಕರಣಗಳು ಸಾಕು. ತಂತಿಗಳು ಒಂದನ್ನೊಂದು ಹಾಯದಂತೆ ಕಾಗದದ ಮೇಲೆ ಬರೆಯಬಹುದಾದ ಮಂಡಲಗಳಿಗೆ ಈ ಕ್ರಮವು ಸಲ್ಲುವುದು.

ಎರಡು ಅಂಕಣದ ಕಿಟಕಿಯೊಂದನ್ನು ನೆನೆಯಿರಿ. ಎಡಗಂಬದಲ್ಲಿಯೂ ಬಲಗಂಬದಲ್ಲಿಯೂ ೧೦ ವೋಲ್ಟಿನ ಒಂದೊಂದು ಬ್ಯಾಟರಿ; ಎರಡರ ಧನಧ್ರುವವೂ ಮೇಲಕ್ಕೆ. ಮೇಲಣ ಅಡ್ಡಪಟ್ಟಿಯ ಎಡಭಾಗದಲ್ಲಿ ೨ ಓಮ್, ಬಲಭಾಗದಲ್ಲಿ ೪ ಓಮ್, ನಡುಗಂಬದಲ್ಲಿ ೨ ಓಮ್ ರೋಧಗಳಿವೆ. ಉಳಿದ ತಂತಿಗೆ ರೋಧವಿಲ್ಲವೆಂದು ಎಣಿಸೋಣ. ಎರಡು ಕಣ್ಣುಗಳಲ್ಲಿಯೂ ಪ್ರವಾಹವು ಗಡಿಯಾರದ ಮುಳ್ಳಿನಂತೆ ಸುತ್ತುವುದೆಂದು ಭಾವಿಸಿ, ಎಡದ್ದನ್ನು ಕ ಎಂದೂ ಬಲದ್ದನ್ನು ಚ ಎಂದೂ ಕರೆಯೋಣ. ನಡುಗಂಬವು ಎರಡಕ್ಕೂ ಸೇರಿದ್ದು. ಅಲ್ಲಿ ಕ ಕೆಳಕ್ಕೂ ಚ ಮೇಲಕ್ಕೂ ಹರಿಯುವುದರಿಂದ, ಕೆಳಮುಖವಾದ ನಿಜಪ್ರವಾಹವು ಕ − ಚ.

ಎಡದ ಕಣ್ಣನ್ನು ಸುತ್ತಿದರೆ:
೨ಕ + ೨(ಕ − ಚ) = ೧೦; ಅಂದರೆ ೪ಕ − ೨ಚ = ೧೦.

ಬಲದ ಕಣ್ಣಿನಲ್ಲಿ ಬ್ಯಾಟರಿಯನ್ನು ಧನಧ್ರುವದಿಂದ ಋಣಧ್ರುವಕ್ಕೆ, ಎದುರಾಗಿ ದಾಟುತ್ತೇವೆ, ಆದುದರಿಂದ:
೪ಚ + ೨(ಚ − ಕ) = −೧೦; ಅಂದರೆ ೬ಚ − ೨ಕ = −೧೦.

ಬಿಡಿಸಿದರೆ ಕ = ೨ ಆಂಪಿಯರ್, ಚ = −೧ ಆಂಪಿಯರ್.

ಇಂಥದೇ ಉತ್ತರವನ್ನು ಕಂಡು ಆ ಹುಡುಗಿ ಪುಟವನ್ನು ಹರಿದದ್ದು. ಋಣಚಿಹ್ನೆಯು ಇಲ್ಲಿ ತಪ್ಪನ್ನು ಸಾರುವುದಿಲ್ಲ. ಬಲದ ಪ್ರವಾಹವು ನಾವು ಊಹಿಸಿದ ದಿಕ್ಕಿಗೆ ವಿರುದ್ಧವಾಗಿ ಹರಿಯುತ್ತಿದೆ ಎಂದಷ್ಟೇ ತಿಳಿಸುತ್ತದೆ. ತಾಳೆ ನೋಡಿರಿ: ನಡುಗಂಬದ ಪ್ರವಾಹ ೨ − (−೧), ಅಂದರೆ ೩ ಆಂಪಿಯರ್, ಅಲ್ಲಿಯ ಇಳಿತ ೬ ವೋಲ್ಟ್. ಎಡದ ಹತ್ತರಲ್ಲಿ ೨ × ೨ ಕಳೆದರೆ ೬. ಬಲದ ಹತ್ತರಲ್ಲಿ ೪ × ೧ ಕಳೆದರೂ ೬. ಮೂರೂ ಒಪ್ಪಿದುವು.

ಮೊದಲ ಊಹೆ ತಪ್ಪಾದರೆ ಲೆಕ್ಕವೇ ಅದನ್ನು ತಿದ್ದಿಕೊಡುತ್ತದೆ. ಲೆಕ್ಕವನ್ನು ಕೆಡಿಸುವುದು ಬೇರೊಂದು: ಹಿಡಿದ ದಿಕ್ಕನ್ನು ನಡುವೆ ಬಿಟ್ಟು, ಮತ್ತೊಂದನ್ನು ಹಿಡಿಯುವುದು. ಆ ಹುಡುಗಿ ಈಗ ಪುಟವನ್ನು ಹರಿಯುವುದಿಲ್ಲ. ಕೊನೆಯಲ್ಲಿ ಬಾಣದ ಗುರುತನ್ನು ತಿರುಗಿಸಿ ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾಳೆ. ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮಗಳು ಇಂಥ ಉತ್ತರವನ್ನು ತಂದು ತೋರಿಸಿದರೆ, "ತಪ್ಪಾಯಿತೇ?" ಎನ್ನದೆ, "ತಾಳೆ ನೋಡಿದೆಯಾ?" ಎಂದು ಕೇಳಿರಿ.