ಗ್ರಿಡ್‌ಗೆ ಕಾವಲಿದೆ, ಹೊಲದ ಟಿ.ಸಿ.ಗೆ?

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಹುನ್ನೂರಿನ ಸುತ್ತ ಕಬ್ಬಿನ ಹೊಲಗಳಲ್ಲಿ ಪಂಪ್‌ಸೆಟ್ ಪಕ್ಕದ ತಗಡಿನ ಪೆಟ್ಟಿಗೆಯೊಳಗೆ ಮೂರು ಪುಟ್ಟ ದೀಪಗಳಿರುತ್ತವೆ: ಕೆಂಪು, ಹಳದಿ, ನೀಲಿ. ಮೂರೂ ಹತ್ತಿದರೆ ‘ತ್ರೀ ಫೇಸ್ ಬಂತು’ ಎಂದರ್ಥ. ಆಟೊ ಸ್ಟಾರ್ಟರ್ ಒಂದಿಷ್ಟು ತಡೆದು, ಟಕ್ಕನೆ ಕೂಡಿ, ಪಂಪು ಶುರುವಾಗುತ್ತದೆ. ಮೂರರಲ್ಲಿ ಒಂದು ಮಂಕಾದರೂ ಮೋಟರ್ ಸುಡುವ ಭಯ. ರಾತ್ರಿಪಾಳಿಯ ಕರೆಂಟ್ ಇದ್ದಾಗ ರೈತ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಮೊದಲು ನೋಡುವುದು ಈ ಮೂರು ದೀಪಗಳನ್ನೇ.

ಆ ದೀಪಗಳ ಹಿಂದೆ ಇಡೀ ದೇಶವೇ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ 2,400 ಮೆಗಾವಾಟ್ ಸ್ಥಾವರ, ಆಲಮಟ್ಟಿಯ ಜಲವಿದ್ಯುತ್ ಯಂತ್ರಗಳು, ರಾಯಚೂರಿನ ಶಾಖೋತ್ಪನ್ನ ಘಟಕಗಳು, ಅತ್ತ ಪಂಜಾಬ್, ಅಸ್ಸಾಂಗಳ ಯಂತ್ರಗಳು ಎಲ್ಲವೂ ಗ್ರಿಡ್ ಎಂಬ ಒಂದೇ ಜಾಲಕ್ಕೆ ಕೂಡಿ ಒಂದೇ ಲಯದಲ್ಲಿ ಸುತ್ತುತ್ತವೆ. ಆ ಲಯವೇ ಸೆಕೆಂಡಿಗೆ 50 ಆವರ್ತನ, ಅಂದರೆ 50 ಹರ್ಟ್ಜ್. ಕಬ್ಬಿನ ಗಾಡಿಗೆ ಹೂಡಿದ ಜೋಡೆತ್ತು ಹೆಜ್ಜೆ ಕೂಡಿಸಿ ನಡೆಯುವಂತೆಯೇ ಇದು. ಹೇರು ಹೆಚ್ಚಾದರೆ ಎರಡರ ಹೆಜ್ಜೆಯೂ ಒಟ್ಟಿಗೇ ನಿಧಾನವಾಗುತ್ತದೆ.

ವಿದ್ಯುತ್ತನ್ನು ಕಣಜದಲ್ಲಿ ತುಂಬಿಡಲಾಗದು. ಬ್ಯಾಟರಿಗಳು ಈಗೀಗ ಬರುತ್ತಿದ್ದರೂ ಗ್ರಿಡ್‌ನ ಲೆಕ್ಕದಲ್ಲಿ ಅವುಗಳ ಪಾಲು ಸಣ್ಣದು. ಹೀಗಾಗಿ ಬಳಕೆ ಮತ್ತು ಉತ್ಪಾದನೆ ಕ್ಷಣಕ್ಷಣವೂ ತಾಳೆಯಾಗಬೇಕು. ಬಳಕೆ ಮೇಲಾದರೆ ಯಂತ್ರಗಳ ವೇಗ ತಗ್ಗಿ ಆವರ್ತನ 50ರಿಂದ ಕೆಳಗಿಳಿಯುತ್ತದೆ. ಪಂಪಿನ ಮೋಟರ್ ವೇಗವೂ ಅದರ ಹಿಂದೆಯೇ ಇಳಿಯುತ್ತದೆ. ಪಂಪು ನೀರನ್ನು ಎತ್ತುವ ಬಲ ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಆವರ್ತನ ಶೇ 5ರಷ್ಟು ಕುಸಿದರೆ ಎತ್ತುವ ಬಲ ಶೇ 10ರಷ್ಟು ಕುಸಿದಂತೆ. ಆಳದ ಬೋರ್‌ವೆಲ್‌ನಲ್ಲಿ ಇದು ಸಣ್ಣ ನಷ್ಟವಲ್ಲ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ 48ರ ಕೆಳಗೂ ಇಳಿಯುತ್ತಿದ್ದ ದಿನಗಳಿದ್ದವು.

ಇದನ್ನು ತಹಬಂದಿಗೆ ತಂದದ್ದು ಹೊಸ ಯಂತ್ರಕ್ಕಿಂತ ಹೆಚ್ಚಾಗಿ ಒಂದು ದರ ನಿಯಮ. ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ ಎಳೆದುಕೊಂಡರೆ, ಆ ಗಳಿಗೆಯಲ್ಲಿ ಆವರ್ತನ ಎಷ್ಟಿದೆಯೋ ಅದಕ್ಕೆ ತಕ್ಕ ದರ ಕೊಡಬೇಕು. ಆವರ್ತನ ಇಳಿದಷ್ಟೂ ದರ ಏರುತ್ತದೆ. ದಕ್ಷಿಣ ಭಾರತದಲ್ಲಿ ಇದು 2003ರ ಜನವರಿ 1ರಂದು ಜಾರಿಯಾಯಿತು. ಭೌತಶಾಸ್ತ್ರದ ಅಳತೆಯೊಂದು ನೇರವಾಗಿ ಸರ್ಕಾರದ ಖಜಾನೆಗೆ ಚುರುಕು ಮುಟ್ಟಿಸಿದ ಇಂಥ ಜಾಣ ನಿಯಮ ನಮ್ಮಲ್ಲಿ ಅಪರೂಪ. ಬಳಿಕ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಮಿತಿಗಳನ್ನು ಬಿಗಿ ಮಾಡುತ್ತಲೇ ಬಂತು. ಈಗಿನ ಗ್ರಿಡ್ ಸಂಹಿತೆಯ ಪ್ರಕಾರ ಆವರ್ತನ 49.90 ಮತ್ತು 50.05ರ ನಡುವೆ ಇರಬೇಕು. 49.4ಕ್ಕೆ ಇಳಿದರೆ ಸಬ್‌ಸ್ಟೇಷನ್‌ಗಳ ರಿಲೇಗಳು ಯಾರ ಅಪ್ಪಣೆಗೂ ಕಾಯದೆ ಆಯ್ದ ಫೀಡರ್‌ಗಳನ್ನು ಕಡಿದುಹಾಕುತ್ತವೆ. 49.2, 49.0, 48.8ಕ್ಕೆ ಇನ್ನಷ್ಟು ಫೀಡರ್‌ಗಳು ಕಡಿಯುತ್ತವೆ. ಕೆಲವು ಊರುಗಳನ್ನು ಕತ್ತಲಿಗೆ ತಳ್ಳಿ ದೇಶವನ್ನು ಉಳಿಸುವ ಲೆಕ್ಕಾಚಾರವಿದು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು 2012ರ ಜುಲೈ 30 ಮತ್ತು 31ರಂದು ಕಾಣಿಸಿತು. ಬೀನಾ–ಗ್ವಾಲಿಯರ್ 400 ಕೆ.ವಿ. ಮಾರ್ಗ ಕಡಿದುಕೊಂಡದ್ದೇ ತಡ, ಉತ್ತರದ ಗ್ರಿಡ್ ಉರುಳಿತು. ಮರುದಿನ ಪೂರ್ವ, ಈಶಾನ್ಯದ ಗ್ರಿಡ್‌ಗಳೂ ಜೊತೆಗೇ ಬಿದ್ದು, 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ಕರ್ನಾಟಕಕ್ಕೆ ಏನೂ ಆಗಲಿಲ್ಲ. ಆಗ ದಕ್ಷಿಣಕ್ಕೂ ಉಳಿದ ಭಾರತಕ್ಕೂ ಇದ್ದದ್ದು ತಾಲ್ಚೇರ್–ಕೋಲಾರದಂಥ ಡಿ.ಸಿ. ಕೊಂಡಿಗಳು ಮಾತ್ರ, ಅವು ವಿದ್ಯುತ್ತನ್ನು ದಾಟಿಸುತ್ತವೆ, ಲಯವನ್ನಲ್ಲ. ಹದಿನೇಳು ತಿಂಗಳ ನಂತರ, 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಆ ಬೇಲಿಯನ್ನೂ ತೆಗೆದುಹಾಕಿತು. ಇಡೀ ದೇಶಕ್ಕೆ ಒಂದೇ ಲಯವಾಯಿತು. ಬರಗಾಲದಲ್ಲಿ ಬೇರೆಡೆಯಿಂದ ವಿದ್ಯುತ್ ತರುವುದು ಸಲೀಸಾಯಿತು. ಬೇರೆಡೆಯ ಎಡವಟ್ಟು ನಮ್ಮ ಬಾಗಿಲಿಗೂ ಬರುವಂತಾಯಿತು.

ಅಮೆರಿಕವೂ ಕತ್ತಲಿನಿಂದಲೇ ಪಾಠ ಕಲಿಯಿತು. 2003ರ ಆಗಸ್ಟ್ 14ರಂದು, ಓಹಿಯೊದಲ್ಲಿ ಮಾರ್ಗಗಳಿಗೆ ಮರಗಳು ತಾಗಿದ್ದರಿಂದ ಶುರುವಾದ ಅನಾಹುತ ಸುಮಾರು ಐದು ಕೋಟಿ ಜನರ ದೀಪ ಆರಿಸಿತು. ಅಲ್ಲಿಯವರೆಗೆ ಅಲ್ಲಿನ ಕಂಪನಿಗಳಿಗೆ ವಿಶ್ವಾಸಾರ್ಹತೆಯ ನಿಯಮಗಳು ಐಚ್ಛಿಕವಾಗಿದ್ದವು. 2005ರ ಕಾಯ್ದೆ ಅವನ್ನು ಕಡ್ಡಾಯ ಮಾಡಿ, ಉಲ್ಲಂಘನೆಗೆ ದಿನಕ್ಕೆ 10 ಲಕ್ಷ ಡಾಲರ್‌ವರೆಗೆ ದಂಡಕ್ಕೆ ದಾರಿ ಮಾಡಿತು. ನಮ್ಮ 2003ರ ವಿದ್ಯುಚ್ಛಕ್ತಿ ಕಾಯ್ದೆಯಲ್ಲಿ ಗ್ರಿಡ್‌ ನಡೆಸುವ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರದ ಆದೇಶ ಮೀರಿದವರಿಗೆ ಗರಿಷ್ಠ ದಂಡ 15 ಲಕ್ಷ ರೂಪಾಯಿ. ಸಾವಿರಾರು ಕೋಟಿ ವಹಿವಾಟಿನ ಸಂಸ್ಥೆಗಳಿಗೆ ಇದು ಚಹಾದ ಖರ್ಚು.

ಇಷ್ಟಾದರೂ ಮೇಲಿನ ಗ್ರಿಡ್ ಸುಧಾರಿಸಿದೆ ಎಂದು ಒಪ್ಪಲೇಬೇಕು. ಕತೆ ಕೆಡುವುದು ಕೆಳಗೆ, 11 ಕೆ.ವಿ. ಫೀಡರ್‌ನಿಂದ ಹೊಲದ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್‌ವರೆಗಿನ ಕೊನೆಯ ಹಾದಿಯಲ್ಲಿ. ಬಾಗಲಕೋಟೆ ಸೇರಿ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುವುದು ಹೆಸ್ಕಾಂ. ಅದರ ಮೇಲೆ ಕಣ್ಣಿಡಬೇಕಾದ್ದು 1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಪೂರೈಕೆಯ ಗುಣಮಟ್ಟ, ನಿರಂತರತೆ ಮತ್ತು ವಿಶ್ವಾಸಾರ್ಹತೆಗೆ ಮಾನದಂಡ ಹಾಕಿ ಜಾರಿ ಮಾಡುವುದು 2003ರ ಕಾಯ್ದೆಯ 86ನೇ ಕಲಮಿನ ಪ್ರಕಾರ ಅದರದೇ ಕೆಲಸ. ಆಯೋಗ 2004ರಲ್ಲೇ ಗಡುವುಗಳನ್ನು ಹಾಕಿತು: ಸುಟ್ಟ ಟಿ.ಸಿ.ಯನ್ನು ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕು. ತಪ್ಪಿದರೆ ಬಾಧಿತ ಗ್ರಾಹಕನಿಗೆ ಪರಿಹಾರ ಸಲ್ಲಬೇಕು ಎನ್ನುತ್ತದೆ 57ನೇ ಕಲಮು.

ಟಿ.ಸಿ. ಸುಡುವುದಕ್ಕೂ ಕಾರಣಗಳುಂಟು. ಇಂತಿಷ್ಟು ಪಂಪುಗಳಿಗೆಂದು ಕೂರಿಸಿದ ಟ್ರಾನ್ಸ್‌ಫಾರ್ಮರ್‌ಗೆ ಅನಧಿಕೃತ ಪಂಪುಗಳೂ ಕೊಂಡಿ ಹಾಕಿಕೊಂಡಿರುತ್ತವೆ. ದಿನಕ್ಕೆ ಏಳು ಗಂಟೆ ಮಾತ್ರ ತ್ರೀ ಫೇಸ್ ಎಂದಾಗ, ಬಂದೊಡನೆ ಎಲ್ಲ ಆಟೊ ಸ್ಟಾರ್ಟರ್‌ಗಳೂ ಒಮ್ಮೆಲೇ ಕೂಡುತ್ತವೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು. ಎಣ್ಣೆ ಕಾದು, ಸುರುಳಿಯ ನಿರೋಧಕ ಪದರ ಸುಟ್ಟು, ಟಿ.ಸಿ. ಕೈಕೊಡುತ್ತದೆ. ರೈತನ ಅವಸರಕ್ಕೂ ಇಲಾಖೆಯ ವೇಳಾಪಟ್ಟಿಯೇ ಕಾರಣ ಎಂಬುದನ್ನು ಇಲ್ಲಿ ಮರೆಯಬಾರದು.

2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು ಆ ಏಳು ಗಂಟೆ ಐದಕ್ಕೆ ಇಳಿದಾಗ ರೈತರು ಬೀದಿಗಿಳಿದರು. ಆಗ ರಾಜ್ಯ ಸರ್ಕಾರ ಕಾಯ್ದೆಯ 11ನೇ ಕಲಮು ಬಳಸಿ, ಖಾಸಗಿ ಉತ್ಪಾದಕರು ಪೂರ್ಣ ಸಾಮರ್ಥ್ಯದಲ್ಲಿ ಉತ್ಪಾದಿಸಿ ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ತೆಗೆಯುವ ಸಕ್ಕರೆ ಕಾರ್ಖಾನೆಗಳೂ ಅದರಡಿ ಬಂದವು. ಮುಧೋಳ, ಜಮಖಂಡಿ ಸೀಮೆಯ ಕಬ್ಬು ಹೀಗೆ ನೀರೂ ಕೇಳುತ್ತದೆ, ಕರೆಂಟೂ ಕೊಡುತ್ತದೆ.

2020ರ ಡಿಸೆಂಬರ್ 31ರಂದು ಹೊರಬಿದ್ದ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮ ಎಲ್ಲರಿಗೂ ದಿನದ 24 ಗಂಟೆ ವಿದ್ಯುತ್ ಎನ್ನುತ್ತದೆ. ಮರುವಾಕ್ಯದಲ್ಲೇ, ಕೃಷಿಯಂಥ ವರ್ಗಗಳಿಗೆ ಆಯೋಗ ಕಡಿಮೆ ಗಂಟೆ ನಿಗದಿ ಮಾಡಬಹುದು ಎಂದು ಸೇರಿಸುತ್ತದೆ. ರಬಕವಿ–ಬನಹಟ್ಟಿಯ ಮಗ್ಗಕ್ಕೆ ಮೊದಲ ವಾಕ್ಯ, ಹುನ್ನೂರಿನ ಪಂಪಿಗೆ ಎರಡನೆಯದು! ಆದರೆ ನಿಗದಿಯಾದ ಆ ಗಂಟೆಗಳು ತಪ್ಪದೆ ಬರಬೇಕೆಂಬುದು ಎರಡಕ್ಕೂ ಒಂದೇ. ಹತ್ತು ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ಹಾಗಾಗಿ ಕೇಳುವ ಹಕ್ಕೂ ಇಲ್ಲ ಎಂದು ನಂಬಿದವರು ಬಹಳ. ಅದು ತಪ್ಪು. ಆ ಬಿಲ್ಲನ್ನು ಸರ್ಕಾರ ಸಬ್ಸಿಡಿಯಾಗಿ ತುಂಬುತ್ತದೆ. 57ನೇ ಕಲಮು ಬಿಲ್ ಕಟ್ಟಿದವರು ಯಾರೆಂದು ಕೇಳುವುದಿಲ್ಲ, ಬಾಧಿತರು ಯಾರೆಂದು ಕೇಳುತ್ತದೆ.

ಟಿ.ಸಿ. ಸುಟ್ಟ ದಿನ ಲೈನ್‌ಮನ್‌ಗೆ ಫೋನ್ ಮಾಡಿ ಸುಮ್ಮನಾಗಬೇಡಿ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ, ವೇಳೆ ಬರೆದಿಟ್ಟುಕೊಳ್ಳಿ. 72 ಗಂಟೆ ದಾಟಿದರೆ ಅದೇ ನಿಮ್ಮ ದಾಖಲೆ. ಅಲ್ಲಿಂದ ಗ್ರಾಹಕ ಕುಂದುಕೊರತೆ ವೇದಿಕೆ, ಅದಕ್ಕೂ ಮೇಲೆ ಒಂಬುಡ್ಸ್‌ಮನ್ ಇದ್ದಾರೆ. ದರ ಏರಿಕೆಯ ಬಗ್ಗೆ ಆಯೋಗ ಬಹಿರಂಗ ವಿಚಾರಣೆ ಕರೆದಾಗ ಪೈಸೆಯ ಲೆಕ್ಕದ ಜೊತೆಗೆ ಈ ಗಂಟೆಗಳ ಲೆಕ್ಕವನ್ನೂ ಒಯ್ಯಿರಿ.